ಇಟ್ಟಿಗೆಯ ಮೇಲೆ ನಿಂತ ಅತಿಥಿ: ಗೃಹಶುಶ್ರೂಷೆ ಮತ್ತು ಚಿತ್ತಸ್ಥೈರ್ಯ

ದಸರಾ ಸ್ಮರಣಸಂಚಿಕೆಯ ಈ ಭಾಗದಲ್ಲಿ ಜಪ, ತಪ, ವ್ರತ, ತೀರ್ಥಯಾತ್ರೆಗಳ ಮಹಿಮೆಯನ್ನು ಕುರಿತ ಲೇಖನಗಳು ಬರುವುದು ವಾಡಿಕೆ. ಅವೆಲ್ಲವೂ ಅವಶ್ಯವಾದುವೇ. ಆದರೆ ಅಂಧೇರಿಯ ನಮ್ಮ ಕನ್ನಡ ಮನೆಗಳನ್ನು ಒಂದೊಂದಾಗಿ ನೆನೆದುಕೊಂಡರೆ, ಜಪಮಾಲೆಯನ್ನು ಕೈಗೆತ್ತಿಕೊಳ್ಳಲು ಹತ್ತು ನಿಮಿಷದ ಬಿಡುವೂ ಇಲ್ಲದವರು ಎಷ್ಟೋ ಮಂದಿ ಕಣ್ಣ ಮುಂದೆ ಬರುತ್ತಾರೆ. ಎರಡು ಕೋಣೆಗಳ ಮನೆ. ಒಂದು ಕೋಣೆಯಲ್ಲಿ ವೃದ್ಧ ತಂದೆಯೋ ತಾಯಿಯೋ ಹಾಸಿಗೆ ಹಿಡಿದಿದ್ದಾರೆ. ಇನ್ನೊಂದರಲ್ಲಿ ಮಕ್ಕಳ ಓದು, ಅಡಿಗೆ, ಬಂದುಹೋಗುವವರ ಸದ್ದು. ಈ ಎರಡು ಕೋಣೆಗಳ ನಡುವೆ ಬೆಳಗಿನಿಂದ ರಾತ್ರಿಯವರೆಗೆ ಓಡಾಡುವ ಒಂದು ಜೀವ. ಹಿಡಿದ ಕೆಲಸ ಯಾವುದೂ ಮುಗಿಯದು, ಕುಳಿತ ಪೂಜೆ ಪೂರ್ಣವಾಗದು, ಮನಸ್ಸು ಒಂದೆಡೆ ನಿಲ್ಲದು. ಅಂತಹವರಿಗೆ ನಮ್ಮ ಪುರಾಣಪುಣ್ಯಕಥೆಗಳಲ್ಲಿ ಏನಾದರೂ ಮಾತಿದೆಯೇ ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ. ನಾನು ಶಾಸ್ತ್ರಪಂಡಿತನಲ್ಲ, ಬ್ಯಾಂಕಿನ ಗುಮಾಸ್ತ. ಆರು ವರ್ಷಗಳಿಂದ ಪಾರ್ಶ್ವವಾಯು ಪೀಡಿತರಾದ ತಾಯಿಯವರ ಸೇವೆ ನಮ್ಮ ಮನೆಯಲ್ಲಿ ನಡೆದಿರುವುದರಿಂದ ಈ ವಿಷಯ ನನಗೆ ಪುಸ್ತಕದ ವಿಷಯವಾಗಿ ಉಳಿದಿಲ್ಲ, ಅಷ್ಟೆ.

ಪಂಢರಪುರದ ಪುಂಡಲೀಕನ ಕಥೆಯನ್ನು ಮುಂಬಯಿಯಲ್ಲಿದ್ದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆಷಾಢ ಏಕಾದಶಿಯಂದು ವಡಾಲದ ವಿಠ್ಠಲಮಂದಿರದ ಮುಂದೆ ಸಾಲು ನಿಂತವರಲ್ಲಿ ನಮ್ಮವರೂ ಬಹಳ ಮಂದಿ ಇರುತ್ತಾರೆ. ವಿಠ್ಠಲನಿಗೂ ಕನ್ನಡಿಗರಿಗೂ ಇರುವ ನಂಟು ಹಳೆಯದು. ಪಂಢರಪುರದ ದೇವಾಲಯದ ತೊಲೆಯೊಂದರ ಮೇಲಿರುವ ಕ್ರಿ.ಶ. 1237ರ ಶಾಸನವು ಹೊಯ್ಸಳ ದೊರೆ ಸೋಮೇಶ್ವರನು ವಿಠ್ಠಲನ ಸೇವೆಗಾಗಿ ಗ್ರಾಮವೊಂದನ್ನು ದತ್ತಿ ಬಿಟ್ಟುದನ್ನು ತಿಳಿಸುತ್ತದೆ. ಮರಾಠಿಯ ಸಂತ ಜ್ಞಾನೇಶ್ವರರೇ ತಮ್ಮ ಅಭಂಗವೊಂದರಲ್ಲಿ ವಿಠ್ಠಲನನ್ನು ಕಾನಡಿಗನೆಂದು ಕರೆದಿದ್ದಾರೆ. ಪುರಂದರದಾಸರು, ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಇವರೆಲ್ಲರ ಅಂಕಿತವೂ ವಿಠ್ಠಲನ ಹೆಸರಿನಲ್ಲಿಯೇ ಕೊನೆಗೊಳ್ಳುತ್ತದೆ. ಹಾಗಿದ್ದೂ ಆ ವಿಠ್ಠಲನು ಅಲ್ಲಿ ನಿಂತುದು ಯಾರ ಕಾರಣದಿಂದ ಎಂಬುದನ್ನು ನಾವು ಬೇಗ ಮರೆತುಬಿಡುತ್ತೇವೆ.

ಜನಪ್ರಿಯವಾದ ಕಥೆಯಂತೆ ಪುಂಡಲೀಕನು ಮೊದಲು ತಂದೆತಾಯಿಗಳನ್ನು ಬಹಳ ಪೀಡಿಸಿದವನು. ಕಾಶೀಯಾತ್ರೆಗೆ ಹೊರಟಾಗ ತಾನೂ ಹೆಂಡತಿಯೂ ಕುದುರೆಯೇರಿ, ಮುದಿಜೀವಗಳನ್ನು ನಡೆಸಿಕೊಂಡು ಹೋದನಂತೆ. ದಾರಿಯಲ್ಲಿ ಕುಕ್ಕುಟಮುನಿಯ ಆಶ್ರಮದಲ್ಲಿ ಬೆಳಗಿನ ಜಾವ ಮಲಿನವಸ್ತ್ರ ಧರಿಸಿದ ಕೆಲವು ಸ್ತ್ರೀಯರು ಬಂದು ಅಂಗಳ ಗುಡಿಸಿ, ನೀರು ತಂದು, ಶುಭ್ರವಸ್ತ್ರಧಾರಿಣಿಯರಾಗಿ ಹೊರಟುಹೋಗುವುದನ್ನು ಕಂಡು ಕೇಳಿದಾಗ, ತಾವು ಗಂಗಾ ಯಮುನಾದಿ ನದಿಗಳೆಂದೂ, ಜನರು ತೊಳೆದ ಪಾಪದ ಕೊಳೆಯನ್ನು ಮಾತಾಪಿತೃಸೇವಕನಾದ ಈ ಮುನಿಯ ಮನೆಯ ಚಾಕರಿಯಿಂದ ಕಳೆದುಕೊಳ್ಳುತ್ತಿರುವೆವೆಂದೂ ಅವರು ಹೇಳಿದರು. ಪುಂಡಲೀಕನು ಕಾಶಿಗೆ ಹೋಗಲಿಲ್ಲ. ಭೀಮಾತೀರಕ್ಕೆ ಮರಳಿ ತಂದೆತಾಯಿಗಳ ಸೇವೆಗೆ ನಿಂತನು. ಮುಂದೆ, ಮುನಿದು ಬಂದ ರುಕ್ಮಿಣಿಯನ್ನು ಅರಸುತ್ತ ಆ ಕಡೆಗೆ ಬಂದ ಶ್ರೀಕೃಷ್ಣನು ಅವನ ಬಾಗಿಲಲ್ಲಿ ನಿಂತಾಗ ಆತನು ತಂದೆತಾಯಿಗಳ ಕಾಲೊತ್ತುತ್ತಿದ್ದನು. ಬಂದವನು ಯಾರೆಂದು ತಿಳಿದೂ ಕೈಬಿಡಲಿಲ್ಲ. ಹತ್ತಿರದಲ್ಲಿದ್ದ ಒಂದು ಇಟ್ಟಿಗೆಯನ್ನು ಹಿಂದಕ್ಕೆ ತಳ್ಳಿ, ಅದರ ಮೇಲೆ ನಿಂತು ಕೊಂಚ ಕಾಯಬೇಕೆಂದು ವಿನಂತಿಸಿದನು. ದೇವರು ನಿಂತನು, ಸೊಂಟದ ಮೇಲೆ ಕೈಯಿಟ್ಟು ಇಪ್ಪತ್ತೆಂಟು ಯುಗಗಳಿಂದ ನಿಂತೇ ಇದ್ದಾನೆಂದು ಭಕ್ತರ ನಂಬಿಕೆ.

ಈ ಇಟ್ಟಿಗೆಯನ್ನು ನಾವು ಸ್ವಲ್ಪ ನಿಧಾನವಾಗಿ ನೋಡಬೇಕು. ಪುಂಡಲೀಕನ ಮುಂದೆ ಮೂರು ದಾರಿಗಳಿದ್ದವು. ದೇವರು ಬಂದನೆಂದು ಗಡಬಡಿಸಿ ಎದ್ದು ಹೋಗಬಹುದಿತ್ತು. ಆಗ ಹಾಸಿಗೆಯ ಮೇಲಿನ ಮುದಿಜೀವ ಅರ್ಧ ಒತ್ತಿಸಿಕೊಂಡ ಕಾಲನ್ನು ಹಿಡಿದು ನೋಡುತ್ತ ಮಲಗಿರಬೇಕಾಗಿತ್ತು. ಬಂದವನನ್ನು ಗದರಿಸಿ ಕಳುಹಿಸಬಹುದಿತ್ತು. ಅಥವಾ ಕೈ ಕಾಲೊತ್ತುತ್ತಿದ್ದರೂ ಮನಸ್ಸನ್ನೆಲ್ಲ ಬಾಗಿಲಿಗೆ ಕೊಟ್ಟು ಒದ್ದಾಡಬಹುದಿತ್ತು. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಈ ಮೂರನೆಯದನ್ನೇ. ಆತನು ಈ ಮೂರನ್ನೂ ಮಾಡದೆ, ಬಂದವನಿಗೆ ಗೌರವದಿಂದ ನಿಲ್ಲಲು ಒಂದು ಜಾಗ ಕೊಟ್ಟನು. ಜಾಗ ಕೊಟ್ಟ ಮೇಲೆ ಅವನ ಮನಸ್ಸು ಮತ್ತೆ ತನ್ನ ಕೈಯ ಕೆಲಸಕ್ಕೆ ಹಿಂದಿರುಗಿತು. ಅಡ್ಡಬಂದದ್ದನ್ನು ಓಡಿಸುವುದೂ ಅಲ್ಲ, ಅದರ ಹಿಂದೆ ಓಡುವುದೂ ಅಲ್ಲ; ಅದಕ್ಕೊಂದು ಇಟ್ಟಿಗೆ ಹಾಕುವುದು. ನನ್ನ ತಿಳಿವಳಿಕೆಯಲ್ಲಿ ಶುಶ್ರೂಷೆ ಮಾಡುವವರಿಗೆ ಈ ಕಥೆ ಕಲಿಸುವ ವಿದ್ಯೆ ಇದೇ.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಮಾತು ಇದರಲ್ಲಿ ಅಡಗಿದೆ. ಪೂಜೆಗೆ ಕುಳಿತಾಗ ಒಳಗಿನಿಂದ ತಾಯಿ ಕೂಗಿದರೆ ಪೂಜೆಗೆ ವಿಘ್ನ ಬಂದಿತೆಂದು ನಾವು ಎಣಿಸುತ್ತೇವೆ. ಪುಂಡಲೀಕನ ಲೆಕ್ಕದಲ್ಲಿ ಇದು ತಿರುಗುಮುರುಗು. ತಾಯಿಯ ಕಾಲೊತ್ತುವುದು ಪೂಜೆ, ಬಾಗಿಲಿಗೆ ಬಂದ ದೇವರೇ ಅಡ್ಡಬಂದವನು! ಯಾವುದು ಮುಖ್ಯ, ಯಾವುದು ಅಡಚಣೆ ಎಂಬ ನಿರ್ಣಯ ಒಮ್ಮೆ ಸ್ಪಷ್ಟವಾದರೆ ದಿನದ ಅರ್ಧ ಕಿರಿಕಿರಿ ತಾನಾಗಿ ಇಳಿಯುತ್ತದೆ. ಕೆಲಸದ ಹೊರೆ ಇಳಿಯದು. ಅಂತಹ ಭರವಸೆಯನ್ನು ನಾನು ಕೊಡಲಾರೆ.

ಇಲ್ಲಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಕುದುರೆಯೇರಿ ಹೊರಟಾಗ ಪುಂಡಲೀಕನ ಹೆಂಡತಿಯ ಪ್ರಸ್ತಾಪ ಕಥೆಯಲ್ಲಿ ಇದೆ. ಸೇವೆಯ ಭಾಗ ಬಂದಾಗ ಆಕೆಯ ಸುದ್ದಿಯನ್ನು ಕಥೆಗಾರರು ಅಷ್ಟಾಗಿ ಎತ್ತುವುದಿಲ್ಲ. ಅತ್ತೆಮಾವಂದಿರ ಸ್ನಾನಕ್ಕೆ ನೀರು ಕಾಯಿಸಿದವರು ಯಾರು, ಗಂಜಿ ಬೇಯಿಸಿದವರು ಯಾರು? ನಮ್ಮ ಮನೆಗಳಲ್ಲಿಯೂ ಸೇವೆಯ ಕೀರ್ತಿ ಮಗನಿಗೆ, ಸೇವೆಯ ಎಚ್ಚರ ಸೊಸೆಗೆ ಅಥವಾ ಮದುವೆಯಾಗದೆ ಉಳಿದ ಮಗಳಿಗೆ ಎಂಬಂತಾಗಿದೆ. ನಾನು ಒಂಬತ್ತು ಗಂಟೆಗೆ ಲೋಕಲ್ ಹಿಡಿದು ಹೊರಟರೆ ಸಂಜೆಯವರೆಗೆ ಮನೆಯಲ್ಲಿ ನಿಲ್ಲುವವಳು ನನ್ನ ಧರ್ಮಪತ್ನಿ. ಆದುದರಿಂದ ಮುಂದೆ ಬರೆದಿರುವ ಉಪಾಯಗಳಲ್ಲಿ ಬಹುಭಾಗ ಅವಳು ಕಂಡುಕೊಂಡವು. ನಾನು ಬರೆದಿಟ್ಟವನು ಮಾತ್ರ.

ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯರು ಧರ್ಮರಾಯನಿಗೆ ಹೇಳುವ ಕೌಶಿಕನ ಉಪಾಖ್ಯಾನವನ್ನು ಇದರ ಜೊತೆಗಿಟ್ಟು ಓದಬೇಕು. ಕೌಶಿಕನು ವೇದಾಧ್ಯಯನಕ್ಕಾಗಿ ಮನೆಬಿಟ್ಟ ಬ್ರಾಹ್ಮಣ. ಮರದ ಮೇಲಿಂದ ಹಿಕ್ಕೆ ಹಾಕಿದ ಕೊಕ್ಕರೆಯೊಂದನ್ನು ಕೋಪದ ನೋಟದಿಂದಲೇ ಕೆಡವಿದವನು. ಭಿಕ್ಷೆಗೆ ಹೋದ ಮನೆಯ ಗೃಹಿಣಿ ಇವನಿಗೆ ನಿಲ್ಲಲು ಹೇಳಿ, ಅಷ್ಟರಲ್ಲಿ ಹಸಿದು ಬಂದ ಗಂಡನ ಉಪಚಾರಕ್ಕೆ ತೊಡಗಿದಳು. ತಡವಾಗಿ ಬಂದವಳ ಮೇಲೆ ಅವನು ಸಿಟ್ಟಾದಾಗ, ತಾನೇನೂ ಆ ಕೊಕ್ಕರೆಯಲ್ಲವೆಂದು ಆಕೆ ಶಾಂತವಾಗಿ ಉತ್ತರಿಸಿ, ಧರ್ಮವನ್ನು ತಿಳಿಯಬೇಕಾದರೆ ಮಿಥಿಲೆಯ ವ್ಯಾಧನ ಬಳಿಗೆ ಹೋಗೆಂದಳು. ಇವಳ ಕೈಯಲ್ಲಿಯೂ ಪುಂಡಲೀಕನ ಇಟ್ಟಿಗೆಯೇ ಇದ್ದುದು. ಮಿಥಿಲೆಯ ಧರ್ಮವ್ಯಾಧನು ಮಾಂಸದಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡುತ್ತಿದ್ದನು. ಅತಿಥಿಯನ್ನು ಮನೆಗೆ ಕರೆದೊಯ್ದು ಉಪಚರಿಸಿ, ಧರ್ಮವನ್ನು ವಿವರಿಸಿ, ತನ್ನ ವೃದ್ಧ ತಂದೆತಾಯಿಗಳನ್ನು ತೋರಿಸಿ, ಇವರೇ ತನ್ನ ದೇವರೆಂದನು. ಅಂಗಡಿಯೂ ನಡೆಯಿತು, ಸೇವೆಯೂ ನಡೆಯಿತು. ಕೊನೆಗೆ ಅವನು ಕೌಶಿಕನಿಗೆ ಹೇಳಿದ ಮಾತು, ನೀನು ಅನುಮತಿಯಿಲ್ಲದೆ ಬಿಟ್ಟುಬಂದ ತಂದೆತಾಯಿಗಳು ಶೋಕದಿಂದ ಕುರುಡರಾಗಿದ್ದಾರೆ, ಅವರ ಬಳಿಗೆ ಹಿಂದಿರುಗು ಎಂಬುದು. ಸ್ವಾಮಿ ವಿವೇಕಾನಂದರು ತಮ್ಮ 'ಕರ್ಮಯೋಗ'ದಲ್ಲಿ ಕರ್ತವ್ಯವನ್ನು ವಿವರಿಸುವಾಗ ಇದೇ ವ್ಯಾಧನ ಕಥೆಯನ್ನು ಆರಿಸಿಕೊಂಡರು. ಹನ್ನೆರಡನೆಯ ಶತಮಾನದ ನಮ್ಮ ಶರಣ ಆಯ್ದಕ್ಕಿ ಮಾರಯ್ಯನೂ, ಕೈಹಿಡಿದ ಕಾಯಕದ ನಡುವೆ ಪೂಜೆಯನ್ನು, ಪೂಜ್ಯರನ್ನು ಕೂಡ ಕಾಯಿಸಬಹುದೆಂಬ ಧೈರ್ಯದ ನಿಲುವನ್ನು ತಳೆದವನು.

ಇನ್ನು ನಮ್ಮ ಮನೆಗೆ ಬರೋಣ. ಬೆಳಿಗ್ಗೆ ನಗರಪಾಲಿಕೆಯ ನೀರು ಬರುವ ಹೊತ್ತು, ಹಾಲಿನವನು ಬರುವ ಹೊತ್ತು, ಕಸ ಒಯ್ಯುವವನು ಕರೆಗಂಟೆ ಒತ್ತುವ ಹೊತ್ತು, ಕುಕ್ಕರ್ ಕೂಗುವ ಹೊತ್ತು, ಅಮ್ಮನ ಮಗ್ಗುಲು ಬದಲಿಸುವ ಹೊತ್ತು ಎಲ್ಲವೂ ಒಂದೇ ಅರ್ಧ ಗಂಟೆಯೊಳಗೆ ಬರುತ್ತವೆ. ಅವು ಒಟ್ಟಿಗೆ ಬರುವುದನ್ನು ತಡೆಯಲಾಗದು. ಯಾವುದು ಕಾಯಬಲ್ಲುದು, ಯಾವುದು ಕಾಯಲಾರದು ಎಂಬುದನ್ನು ಮಾತ್ರ ಮೊದಲೇ ನಿಶ್ಚಯಿಸಬಹುದು. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನು ಸೊಂಟಗಳಲ್ಲಿ ಹುಣ್ಣಾಗುತ್ತದೆ. ಅನ್ನ ನೀರು ಕೊಡುವಾಗ ನೆಟ್ಟಗೆ ಕೂರಿಸಿ, ಕೊಟ್ಟ ಮೇಲೂ ಅರ್ಧ ಗಂಟೆ ಹಾಗೆಯೇ ಇರಿಸಬೇಕು, ಇಲ್ಲವಾದರೆ ತುತ್ತು ಶ್ವಾಸನಾಳಕ್ಕೆ ಇಳಿಯುವ ಅಪಾಯ. ಇವು ಕಾಯಲಾರವು. ತುತ್ತು ಬಾಯಲ್ಲಿರುವಾಗ ಕರೆಗಂಟೆ ಎಷ್ಟು ಸಲ ಮೊಳಗಿದರೂ ಏಳಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಬಾಗಿಲ ಹೊರಗೆ ಒಂದು ಸ್ಟೂಲು, ಅದರ ಮೇಲೊಂದು ಬುಟ್ಟಿ ಇಟ್ಟಿದ್ದೇವೆ. ಹಾಲಿನ ಚೀಲ, ಅಂಚೆ, ಕೊರಿಯರ್ ಎಲ್ಲವೂ ಅದರಲ್ಲಿ. ಆ ಸ್ಟೂಲೇ ನಮ್ಮ ಇಟ್ಟಿಗೆ.

ಬ್ಯಾಂಕಿನವರಿಗೆ ಈ ವಿದ್ಯೆ ಅಪರಿಚಿತವಲ್ಲ. ಗಣಕಯಂತ್ರಗಳು ಬರುವ ಮೊದಲು ಹಣ ತೆಗೆಯಲು ಬಂದವರ ಕೈಗೆ ಹಿತ್ತಾಳೆಯ ಟೋಕನ್ ಕೊಟ್ಟು ಕೂರಿಸುತ್ತಿದ್ದರು. ಟೋಕನ್ ಹಿಡಿದವನು ಸುಮ್ಮನೆ ಕುಳಿತಿರುತ್ತಿದ್ದ. ತನ್ನ ಸರದಿ ಬಂದೇ ಬರುತ್ತದೆಂಬ ನಂಬಿಕೆ ಅವನಿಗಿತ್ತು. ಕೆಲಸ ಬಿಟ್ಟು ಮನಸ್ಸು ಹಾರುವುದು ಬಹುಮಟ್ಟಿಗೆ ಮರೆತುಹೋದೀತೆಂಬ ಭಯದಿಂದ. ಹಾಸಿಗೆಯ ತಲೆದೆಸೆಯಲ್ಲಿ ನೂಲು ಕಟ್ಟಿದ ಒಂದು ಪೆನ್ಸಿಲ್ಲು, ಒಂದು ಚಿಕ್ಕ ನೋಟ್‌ಪುಸ್ತಕ ತೂಗುಹಾಕಿ. ನೆನಪಾದ ವಿದ್ಯುತ್ ಬಿಲ್ಲು, ಮುಗಿದ ಮಾತ್ರೆ, ಮಗಳ ಶಾಲೆಯ ಶುಲ್ಕ ಎಲ್ಲವನ್ನೂ ಒಂದೊಂದು ಸಾಲು ಬರೆದು ಮತ್ತೆ ತುತ್ತಿಗೆ ಕೈಹಾಕಿ. ಅದೇ ಪುಸ್ತಕದ ಎಡಪುಟದಲ್ಲಿ ಔಷಧ ಕೊಟ್ಟ ಹೊತ್ತು, ಮಗ್ಗುಲು ಬದಲಿಸಿದ ಹೊತ್ತು ಬರೆದರೆ, ರಾತ್ರಿ ಸರದಿ ಬದಲಾದಾಗ ಒಬ್ಬರನ್ನೊಬ್ಬರು ಎಬ್ಬಿಸಿ ಕೇಳಬೇಕಾಗಿಲ್ಲ.

ನೋಟು ಎಣಿಸುವವರಿಂದ ಕಲಿತ ಇನ್ನೊಂದು ಪಾಠ. ನೂರು ನೋಟುಗಳ ಕಟ್ಟನ್ನು ಕೈಯಲ್ಲಿ ಎಣಿಸುವಾಗ ಎಪ್ಪತ್ತಮೂರರಲ್ಲಿ ಯಾರಾದರೂ ಮಾತನಾಡಿಸಿದರೆ ಮತ್ತೆ ಒಂದರಿಂದ ಹೊರಡಬೇಕು. ಅನುಭವಿ ಕ್ಯಾಶಿಯರು ಹತ್ತು ಹತ್ತಾಗಿ ಬೇರ್ಪಡಿಸಿಕೊಳ್ಳುತ್ತಾರೆ. ಆಗ ಅಡ್ಡಿಯಾದರೆ ನಷ್ಟವಾಗುವುದು ಹತ್ತು ಮಾತ್ರ. ಶುಶ್ರೂಷೆಯ ಮನೆಯಲ್ಲಿ ಎರಡು ಗಂಟೆಯ ನಿರಾತಂಕ ಬಿಡುವು ಸಿಗುವುದೆಂದು ಕಾದು ಕುಳಿತರೆ ವರ್ಷ ಕಳೆದೀತು. ಯಾವ ಕೆಲಸವನ್ನಾದರೂ ಕಾಲುಗಂಟೆಯ ತುಂಡುಗಳನ್ನಾಗಿ ಮಾಡಿಕೊಂಡು, ಪ್ರತಿ ತುಂಡಿನ ಕೊನೆಗೆ ಎಲ್ಲಿಗೆ ನಿಲ್ಲಿಸಿದೆವೆಂಬ ಗುರುತು ಹಾಕಬೇಕು. ನನ್ನ ಪತ್ನಿ ಹೊಲಿಗೆ ಮಾಡಿ ನಾಲ್ಕು ಕಾಸು ಸಂಪಾದಿಸುವುದು ಹೀಗೆಯೇ: ಮೊದಲ ದಿನ ಕತ್ತರಿಸುವುದು, ಮಾರನೆಯ ದಿನ ತೋಳು, ಅದರ ಮಾರನೆಯ ದಿನ ಗುಂಡಿ. ಪಾರಾಯಣಕ್ಕೂ ಇದು ಸಲ್ಲುತ್ತದೆ. ಒಂದೇ ಆಸನದಲ್ಲಿ ಮುಗಿಯದ ಅಧ್ಯಾಯದಲ್ಲಿ ಒಂದು ದಾರ ಇಟ್ಟು ಎದ್ದರೆ ಪುಸ್ತಕವೇನೂ ಮುನಿಯುವುದಿಲ್ಲ.

ಈಗಿನ ಕಾಲದ ಅತಿದೊಡ್ಡ ಅಡಚಣೆ ಮೊಬೈಲು. ಊರಿನಿಂದ, ಪುಣೆಯಿಂದ, ದುಬೈಯಿಂದ ನೆಂಟರು ಪ್ರೀತಿಯಿಂದಲೇ ವಿಚಾರಿಸುತ್ತಾರೆ; ಆದರೆ ಅದೇ ಸಮಾಚಾರವನ್ನು ದಿನಕ್ಕೆ ಏಳು ಮಂದಿಗೆ ಏಳು ಸಲ ಹೇಳುವಷ್ಟರಲ್ಲಿ ಹೇಳುವವರೇ ರೋಗಿಗಳಾಗುತ್ತಾರೆ. ವಾಟ್ಸಾಪಿನಲ್ಲಿ ಮನೆಯವರದೇ ಒಂದು ಗುಂಪು ಮಾಡಿ, ರಾತ್ರಿ ಎಂಟಕ್ಕೆ ನಾಲ್ಕು ಸಾಲಿನ ಸಮಾಚಾರ ಹಾಕುವುದೆಂದು ತಿಳಿಸಿದೆವು. ಅಣ್ಣನವರು ಮೊದಮೊದಲು ಬೇಸರಪಟ್ಟರು. ಈಗ ಎಂಟಾಗಿ ಐದು ನಿಮಿಷವಾದರೆ ಅವರೇ ಕೇಳುತ್ತಾರೆ. ಹೊರಗಿನ ಅಲೆದಾಟವನ್ನೂ ತಗ್ಗಿಸಬಹುದು. 70 ವರ್ಷ ದಾಟಿದವರಿಗೂ ಅಶಕ್ತರಿಗೂ ಮನೆಬಾಗಿಲಿಗೇ ಮೂಲಭೂತ ಸೇವೆ ಒದಗಿಸಲು ಯತ್ನಿಸಬೇಕೆಂದು ರಿಸರ್ವ್ ಬ್ಯಾಂಕು 2017ರ ನವೆಂಬರಿನಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಪಿಂಚಣಿದಾರರ ಜೀವಿತ ಪ್ರಮಾಣಪತ್ರವನ್ನು ಗಣಕದ ಮೂಲಕ ಸಲ್ಲಿಸುವ 'ಜೀವನ್ ಪ್ರಮಾಣ್' ವ್ಯವಸ್ಥೆ 2014ರಿಂದ ಇದೆ. ಸಹಿ ಮಾಡಲಾಗದ ಖಾತೆದಾರರು ಹೆಬ್ಬೆರಳ ಗುರುತು ಹಾಕಬಹುದು; ಇಬ್ಬರು ಸಾಕ್ಷಿಗಳಿರಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಇಷ್ಟು ತಿಳಿಯದೆ ಮುದುಕರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಬರುವವರನ್ನು ಕೌಂಟರಿನ ಈಚೆಯಿಂದ ನೋಡಿದಾಗ ಸಂಕಟವಾಗುತ್ತದೆ.

ಹೊರಗಿನ ಅಡಚಣೆಗಳಿಗೆ ಸ್ಟೂಲು, ಪುಸ್ತಕ, ಗುಂಪು ಸಾಕು. ಒಳಗಿನದಕ್ಕೆ? ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಂತೆ ಎಂದು ದೂರಿದಾಗ, ಭಗವಂತನು ಅವನನ್ನು ಗದರಿಸುವುದಿಲ್ಲ. ಅದು ಕಷ್ಟವೇ ಸರಿ ಎಂದು ಮೊದಲು ಒಪ್ಪಿಕೊಂಡು, ಆಮೇಲೆ ಅಭ್ಯಾಸ ವೈರಾಗ್ಯಗಳನ್ನು ಹೇಳುತ್ತಾನೆ. ಅದಕ್ಕೂ ಹಿಂದೆಯೇ, ಹೊರಗೋಡಿದ ಮನಸ್ಸನ್ನು ಹೋದೆಡೆಯಿಂದೆಲ್ಲ ಮರಳಿ ಕರೆತರಬೇಕೆಂದು ಬೋಧಿಸಿದ್ದಾನೆ. ಎಷ್ಟು ಸಲವೆಂದು ಲೆಕ್ಕ ಕೊಟ್ಟಿಲ್ಲವೆಂಬುದನ್ನು ಗಮನಿಸಬೇಕು. ನಲವತ್ತು ಸಲ ಓಡಿದರೆ ನಲವತ್ತು ಸಲ ಕರೆತಂದದ್ದೇ ಅಂದಿನ ಸಾಧನೆ.

ನಮ್ಮ ತಾಯಿಯವರಿಗೆ ಎರಡು ವರ್ಷಗಳಿಂದ ಮರೆವೂ ಸೇರಿದೆ. ಹೊತ್ತಿಳಿದಂತೆ ಚಡಪಡಿಕೆ ಹೆಚ್ಚು. ನಾಲ್ಕನೆಯ ಮಹಡಿಯಲ್ಲಿ ಮಲಗಿ, "ಬಾವಿಯಿಂದ ನೀರು ಸೇದಿ ಆಯ್ತೇನೋ?" ಎಂದು ಕೇಳುತ್ತಾರೆ. ಕಾಲುಗಂಟೆಗೊಮ್ಮೆ ಅದೇ ಪ್ರಶ್ನೆ. ಇಲ್ಲಿ ಬಾವಿಯಿಲ್ಲವೆಂದು ತಿಳಿಸಿ ಹೇಳಿದರೆ ಗಾಬರಿ ಇಮ್ಮಡಿಯಾಗುತ್ತದೆ. "ಆಯ್ತಮ್ಮ, ಹಂಡೆ ತುಂಬಿದೆ" ಎಂದರೆ ಮುಖ ಸಡಿಲವಾಗುತ್ತದೆ. ಅವರು ಕೇಳುತ್ತಿರುವುದು ನೀರನ್ನಲ್ಲ, ಮನೆ ಸರಿಯಾಗಿ ನಡೆದಿದೆಯೇ ಎಂಬುದನ್ನು. ಇಪ್ಪತ್ತನೆಯ ಸಲದ ಉತ್ತರ ಮೊದಲನೆಯದರಷ್ಟೇ ಮೃದುವಾಗಿರಬೇಕು. ಇದಕ್ಕಿಂತ ಕಠಿಣವಾದ ಜಪ ನನಗೆ ಗೊತ್ತಿಲ್ಲ. ಪ್ರಶ್ನೆಗೆ ಉತ್ತರವಾಗಿ "ಆಯ್ತಮ್ಮ" ಎಂದಾಗಲೆಲ್ಲ ಮನದಲ್ಲಿ ಒಂದು ಸಲ ವಿಠ್ಠಲನ ಹೆಸರು ಹೇಳಿಕೊಳ್ಳುವ ಅಭ್ಯಾಸ ನನ್ನ ಪತ್ನಿಯದು. ಹೀಗೆ ಅವಳ ನಾಮಸಂಖ್ಯೆ ನನ್ನದಕ್ಕಿಂತ ಎಷ್ಟೋ ಮುಂದಿದೆ.

ನನ್ನ ಪಾಲಿನ ಏಕಾಂತ ಅಂಧೇರಿಯಿಂದ ಚರ್ಚ್‌ಗೇಟಿನವರೆಗಿನ ಲೋಕಲ್ಲಿನಲ್ಲಿ ಸಿಗುತ್ತದೆ. ಒಂಟಿಕಾಲಿನಲ್ಲಿ ನಿಂತಿದ್ದರೂ ಅಲ್ಲಿ ಯಾರೂ ನಮ್ಮನ್ನು ಹೆಸರು ಹಿಡಿದು ಕೂಗುವುದಿಲ್ಲ! ಮುಂಬಯಿಯ ಲೋಕಲ್ಲುಗಳಲ್ಲಿ ತಾಳ ಬಾರಿಸಿ ಹಾಡುವ ಭಜನಾಮಂಡಲಿಗಳು ಹುಟ್ಟಿಕೊಂಡುದರ ಮರ್ಮವೂ ಇದೇ ಇರಬೇಕು. ಮನೆಯಲ್ಲಿಯೇ ಇರುವವರಿಗೆ ಈ ಭಾಗ್ಯವಿಲ್ಲ. ಅವರಿಗಾಗಿ ಬಿಡುವನ್ನು ಬೇರೆಯವರು ಮಾಡಿಕೊಡಬೇಕು. ದೇವೀಮಾಹಾತ್ಮ್ಯದ ಮೂರನೆಯ ಅಧ್ಯಾಯವನ್ನು ಈ ದಿನಗಳಲ್ಲಿ ಅನೇಕರು ಓದುತ್ತಿದ್ದೀರಿ. ಮಹಿಷನು ಕೋಣವಾಗಿ, ಸಿಂಹವಾಗಿ, ಖಡ್ಗಧಾರಿ ಪುರುಷನಾಗಿ, ಆನೆಯಾಗಿ, ಮತ್ತೆ ಕೋಣವಾಗಿ ರೂಪ ಬದಲಿಸುತ್ತ ದಣಿಸುತ್ತಾನೆ. ಒಂದನ್ನು ಕತ್ತರಿಸಿದರೆ ಇನ್ನೊಂದು, ನಮ್ಮ ಮನೆಯ ಅಡಚಣೆಗಳಂತೆಯೇ. ಆದರೆ ಕೊನೆಯ ಪ್ರಹಾರಕ್ಕೆ ಮುಂಚೆ ದೇವಿಯು ಒಂದಿಷ್ಟು ನಿಂತು ಪಾನ ಮಾಡುತ್ತಾಳೆ. ಅಷ್ಟು ಹೊತ್ತು ಅವನು ಗರ್ಜಿಸುತ್ತಿರಲಿ ಎಂದು ಬಿಡುತ್ತಾಳೆ. ಜಗನ್ಮಾತೆಗೂ ಯುದ್ಧದ ನಡುವೆ ಆ ನಿಲುಗಡೆ ಇತ್ತೆಂದ ಮೇಲೆ, ಹತ್ತು ಕೈಗಳಿಲ್ಲದ ಗೃಹಿಣಿ ಮಧ್ಯಾಹ್ನ ಅರ್ಧ ಗಂಟೆ ಬಾಗಿಲು ಮುಂದೆಮಾಡಿ ಕಣ್ಣುಮುಚ್ಚಿದರೆ ಅದನ್ನು ಸೋಮಾರಿತನವೆನ್ನುವ ನಾಲಿಗೆ ಯಾರದು? ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವನ ಪತ್ನಿ ಲಕ್ಕಮ್ಮ ಹೆಚ್ಚಿನದನ್ನು ಮರಳಿಸಿ ಬರಲು ಹೇಳಿದಳು. ಒಂದು ದಿನಕ್ಕೆ ಬೇಕಾದ ಕೆಲಸವೆಷ್ಟೋ ಅಷ್ಟನ್ನೇ ಹೊತ್ತು, ಉಳಿದುದನ್ನು ನಾಳೆಗೆ ಮರಳಿಸುವುದಕ್ಕೂ ಲಕ್ಕಮ್ಮನ ಗಟ್ಟಿತನ ಬೇಕು.

ಪಂಢರಪುರಕ್ಕೆ ಹೋದವರು ಚಂದ್ರಭಾಗೆಯಲ್ಲಿ ಮಿಂದು, ಮೊದಲು ನದೀತೀರದ ಪುಂಡಲೀಕನ ಗುಡಿಗೆ ಹೋಗಿ, ಅನಂತರ ವಿಠ್ಠಲನ ಬಳಿಗೆ ಹೋಗುವುದು ಸಂಪ್ರದಾಯ. ನಮ್ಮ ಸಂಘದ ಭಜನೆಗೆ, ನವರಾತ್ರಿಯ ಪೂಜೆಗೆ ಹಲವು ವರ್ಷಗಳಿಂದ ಬಾರದವರ ಹೆಸರುಗಳು ಸದಸ್ಯರ ಪಟ್ಟಿಯಲ್ಲಿವೆ. ಅವರು ಬಾರದಿರುವುದು ಭಕ್ತಿ ಕಡಿಮೆಯಾಗಿ ಅಲ್ಲ. ಮನೆಯಲ್ಲಿ ಒಬ್ಬರನ್ನು ಬಿಟ್ಟು ಏಳಲಾಗದೆ. ಮರೋಳದಿಂದ ವರ್ಸೋವಾದವರೆಗೆ ಅಂತಹ ಮನೆಗಳು ಎಲ್ಲಿವೆ ಎಂಬುದು ನಮಗೆ ನಮಗೆ ಗೊತ್ತೇ ಇದೆ. ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ಇಬ್ಬಿಬ್ಬರು ಸದಸ್ಯರು ಒಂದೊಂದು ಮನೆಗೆ ಹೋಗಿ ಹಾಸಿಗೆಯ ಬಳಿ ಕುಳಿತರೆ, ಆ ಮನೆಯವರು ಎರಡು ಗಂಟೆ ಹೊರಗೆ ಬರಬಹುದು: ದೇವಸ್ಥಾನಕ್ಕೋ, ಜುಹೂ ಸಮುದ್ರದಂಡೆಗೋ, ಸುಮ್ಮನೆ ನಿದ್ದೆಗೋ. ಹೋಗುವವರಿಗೆ ವೈದ್ಯಕೀಯ ಜ್ಞಾನ ಬೇಕಿಲ್ಲ. ಮಗ್ಗುಲು ಬದಲಿಸುವ ಹೊತ್ತನ್ನೂ ದೂರವಾಣಿಯ ಸಂಖ್ಯೆಯನ್ನೂ ಆ ನೋಟ್‌ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ. ನಮ್ಮ ಮನೆಗೆ ಬರುವವರು ನೀರು ಸೇದಿ ಆಯಿತೇ ಎಂಬ ಪ್ರಶ್ನೆಗೆ ಉತ್ತರವನ್ನು ಮಾತ್ರ ಬಾಯಿಪಾಠ ಮಾಡಿಕೊಂಡು ಬರಬೇಕು. ವಿಜಯದಶಮಿಯ ಮರುದಿನದಿಂದ ಇದನ್ನು ಆರಂಭಿಸಬೇಕೆಂದು ಕೆಲವರು ಮಾತನಾಡಿಕೊಂಡಿದ್ದೇವೆ. ಹೆಸರು ಕೊಡುವವರಿಗಾಗಿ ಪೂಜಾಮಂಟಪದ ಬಲಗಡೆಯ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿರುತ್ತದೆ, ಪೆನ್ಸಿಲ್ಲಿನೊಡನೆ.